ಎಡಗೈಗೊಂದು ಕ್ಯಾಮೆರಾ

ಸಾಲ್ಟ್‌ಪಾಂಡ್
2 ಮಾರ್ಚ್ 2011

ಎಬೊ ಬೆಂಟ್ಸಿಲ್‌ಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಅಗೌರವ ಅಂತ ತಿಳಿಯಬೇಡ. ಬಲಗೈ ಹೋಗಿದೆ.

ಕಳೆದ ಆಗಸ್ಟಿನಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ನಾಲಿಗೆ. ಕಾಲು ಸ್ವಲ್ಪ ಬಂದಿದೆ. ಕೈ ಬಂದಿಲ್ಲ. ಫೋನಿನಲ್ಲಿ ಮಾತಾಡಿದರೆ ಕುಡಿದಿದ್ದಾಳೆ ಅಂದುಕೊಳ್ಳುತ್ತಾರೆ. ಅದಕ್ಕೇ ಕಾಗದ.

ನನಗೊಂದು ಡಿಜಿಟಲ್ ಕ್ಯಾಮೆರಾ ಬೇಕು. ಹಳೆಯದು ಎರಡು ಕೈ ಕೇಳುತ್ತದೆ. ಫಿಲ್ಮ್ ತೊಳೆಯುವವರೂ ಈಗ ಯಾರೂ ಇಲ್ಲ. ನವೆಂಬರಿನಲ್ಲಿ ಚರ್ಚಿನ ಹೆಂಗಸರ ಸಂಘದ ವಾರ್ಷಿಕೋತ್ಸವ. ಗುಂಪಿನ ಫೋಟೋ ಪ್ರತಿ ವರ್ಷ ನನ್ನದು. ಈ ಸಲವೂ ನೀನೇ ತೆಗೆಯಬೇಕು ಅಂತ ಸಂಘದ ಹಿರಿಯಜ್ಜಿ ನಾನಾ ಗ್ಯಾನ್ವಾ ಹೇಳಿ ಕಳಿಸಿದ್ದಾರೆ. ಆಗಲಿ ಅಂದುಬಿಟ್ಟೆ. ಅದು ನನ್ನಿಂದ ಆಗದಿದ್ದರೆ ಸ್ಟುಡಿಯೋದ ಬಾಗಿಲು ಹಾಕಿ ಬೀಗದ ಕೈ ತಮ್ಮಂದಿರಿಗೆ ಕೊಡುತ್ತೇನೆ. ಅಲ್ಲಿಗೆ ಮುಗಿಯಿತು.

ನಾವು ಮಾತು ಬಿಟ್ಟು ಬಹಳ ವರ್ಷವಾಯಿತು. ಆದರೆ ಕ್ಯಾಮೆರಾ ವಿಷಯದಲ್ಲಿ ನನಗೆ ಸುಳ್ಳು ಹೇಳದವನು ನೀನೊಬ್ಬನೇ. ಒಳ್ಳೆಯದು ಯಾವುದು, ಹೇಳು.

ಇಷ್ಟು ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು.

ಅರಬಾ ಎಸ್ಸಿಲ್ಫಿ


ಟಾಕೊರಾಡಿ
11 ಮಾರ್ಚ್ 2011

ಶ್ರೀಮತಿ ಅರಬಾ ಎಸ್ಸಿಲ್ಫಿಯವರ ಸನ್ನಿಧಾನಕ್ಕೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಯಾವುದೋ ಮಗು ಬರೆದಿದೆ ಅಂದುಕೊಂಡೆ. ಕೆಳಗಿನ ಸಹಿ ನೋಡಿದ ಮೇಲೆ ಸ್ಟೂಲು ಎಳೆದುಕೊಂಡು ಕೂತುಬಿಟ್ಟೆ. ಸಾಲ್ಟ್‌ಪಾಂಡಿನಿಂದ ಬರುವ ಡ್ರೈವರುಗಳು ಮೀನಿನ ಬೆಲೆ ಹೇಳುತ್ತಾರೆ, ಯಾರ ಮಗಳು ಯಾರ ಜೊತೆ ಓಡಿಹೋದಳು ಅಂತ ಹೇಳುತ್ತಾರೆ, ಇದೊಂದನ್ನು ಮಾತ್ರ ಯಾರೂ ಬಾಯಿಬಿಡಲಿಲ್ಲ. ನನಗೆ ತುಂಬ ಸಂಕಟವಾಯಿತು, ಅರಬಾ. ಒಂದು ಸಲ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ. ಕನಿಕರ ಬೇಕಿದ್ದರೆ ನೀನು ಬೇರೆ ಯಾರಿಗಾದರೂ ಬರೆಯುತ್ತಿದ್ದೆ.

ಈಗ ವ್ಯಾಪಾರದ ಮಾತು. ನನ್ನ ಅಂಗಡಿಗೆ ಬರುವವರೆಲ್ಲ ನಿನ್ನ ಪ್ರಶ್ನೆಯನ್ನೇ ಕೇಳುತ್ತಾರೆ: ಒಳ್ಳೆಯದು ಯಾವುದು. ಹೋದ ತಿಂಗಳು ಒಬ್ಬ ಪಾದ್ರಿ ಬಂದ. ಕೌಂಟರ್ ಮೇಲೆ ಕೈಯೂರಿ, "ಎಲ್ಲಕ್ಕಿಂತ ದೊಡ್ಡದು ಯಾವುದಯ್ಯಾ, ಅದನ್ನ ಇಳಿಸು" ಅಂದ.

"ಯಾತಕ್ಕೆ ಬೇಕು ಸ್ವಾಮಿ?"

"ಫೋಟೋ ತೆಗೆಯೋಕೆ. ಮತ್ತೇನು, ಕೆಂಕೆ ಕಡುಬು ಬೇಯಿಸೋಕಾ?"

ಕೊಟ್ಟೆ. ಈಗ ಅವನ ಹೆಂಡತಿ ಅದನ್ನು ಕಪಾಟಿನಲ್ಲಿಟ್ಟು ಮೇಲೊಂದು ಲೇಸಿನ ಬಟ್ಟೆ ಹೊದಿಸಿದ್ದಾಳಂತೆ. ಮಕ್ಕಳ ಫೋಟೋ ಪಾದ್ರಿ ತನ್ನ ಫೋನಿನಲ್ಲೇ ತೆಗೆಯುತ್ತಾನೆ. ಕ್ಯಾಮೆರಾ ಒಳ್ಳೆಯದೇ. ಅವನಿಗೆ ಅದು ಬೇಕಿರಲಿಲ್ಲ, ಅಷ್ಟೇ.

ಆದ್ದರಿಂದ ಒಳ್ಳೆಯದು ಯಾವುದು ಅಂತ ನನ್ನನ್ನು ಕೇಳಬೇಡ. ನೀನು ಹೇಗೆ ಕೂರುತ್ತೀಯ, ಅದನ್ನು ಹೇಳು. ನಿಲ್ಲಬಲ್ಲೆಯಾ? ನಿಂತಾಗ ಎಡಗೈ ಖಾಲಿ ಇರುತ್ತದೆಯೇ? ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಆಗುತ್ತದೆಯೇ, ಅಥವಾ ಲಕ್ವ ರೆಪ್ಪೆಯನ್ನೂ ಮುಟ್ಟಿದೆಯೇ? ನಿಮ್ಮ ಬೀದಿಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ? ಫೋಟೋ ಎಷ್ಟು ದೊಡ್ಡದಾಗಿ ಅಚ್ಚು ಹಾಕಿಸುತ್ತೀಯ? ನಾಚಿಕೆ ಪಡದೆ ಎಲ್ಲ ಬರೆ. ಡಾಕ್ಟರಿಗೆ ಸುಳ್ಳು ಹೇಳಿದರೂ ನಡೆಯುತ್ತದೆ, ಕ್ಯಾಮೆರಾ ಮಾರುವವನಿಗೆ ಹೇಳಬಾರದು.

ಅಮಿಸ್ಸಾ ಮಗಳ ಮದುವೆಯಲ್ಲಿ ನೂರಾರು ಜನರ ಮುಂದೆ ನೀನು ಅಂದ ಮಾತು ನನಗೆ ನೆನಪಿದೆ. "ಎಬೊ ಬಟ್ಟೆಗೆ ಫೋಟೋ ತೆಗೀತಾನೆ, ಒಳಗಡೆ ಯಾರಿದಾರೆ ಅಂತ ಅವನಿಗೆ ಗೊತ್ತೇ ಆಗಲ್ಲ." ಆಗ ಬೀದಿಯ ಆ ಬದಿ ನಿನ್ನ ಸ್ಟುಡಿಯೋ, ಈ ಬದಿ ನನ್ನದು. ಆ ಮಾತಿನ ಮೇಲೆ ನಾನು ಊರನ್ನೇ ಬಿಟ್ಟೆ. ನೆನಪಿದೆ ಅಂತ ತಿಳಿಸಿದೆ, ಅಷ್ಟೇ.

ಎಬೊ ಬೆಂಟ್ಸಿಲ್
ಹಳೆಯ ಕ್ಯಾಮೆರಾಗಳ ಮಾರಾಟ ಮತ್ತು ರಿಪೇರಿ


ಸಾಲ್ಟ್‌ಪಾಂಡ್
29 ಮಾರ್ಚ್ 2011

ಎಬೊಗೆ,

ಊರು ಬಿಟ್ಟದ್ದು ನನ್ನ ಮಾತಿಗಲ್ಲ, ಟಾಕೊರಾಡಿಯಲ್ಲಿ ಬಾಡಿಗೆ ಕಡಿಮೆ ಅಂತ. ಊರಿಗೆಲ್ಲ ಗೊತ್ತು.

ಎಡಗೈ ಈಗ ಸ್ವಲ್ಪ ಕಲಿತಿದೆ. ದಿನಾ ಬೆಳಗ್ಗೆ ಅಂಗಳದ ಮರಳಿನಲ್ಲಿ ಕಡ್ಡಿ ಹಿಡಿದು ಅಕ್ಷರ ತಿದ್ದುತ್ತೇನೆ. ಕೋಳಿಗಳು ಬಂದು ಕೆದಕಿ ಅಳಿಸುತ್ತವೆ. ತಂಗಿ ಮಾನ್ಸಾ ನನ್ನ ಜೊತೆಗೇ ಇದ್ದಾಳೆ. ನನ್ನ ತೊದಲು ಅವಳೊಬ್ಬಳಿಗೆ ಪೂರ್ತಿ ಅರ್ಥವಾಗುತ್ತದೆ. ಅಂಗಡಿಗೆ ಹೋದರೆ ನಾನು ಗುನುಗುತ್ತೇನೆ, ಅವಳು ಗಟ್ಟಿಯಾಗಿ ಹೇಳುತ್ತಾಳೆ. ಊರಿನ ಮುಖ್ಯಸ್ಥನ ಪಕ್ಕದಲ್ಲಿ ಕೋಲು ಹಿಡಿದು ನಿಂತು ಅವನ ಮಾತನ್ನು ಜನಕ್ಕೆ ಒಪ್ಪಿಸುವ ವಕ್ತಾರ ಇರುತ್ತಾನಲ್ಲ, ಹಾಗೆ. "ಅರಬಾ ಮುಖ್ಯಸ್ಥೆ ಆಗ್ಬಿಟ್ಲು, ಕಾಣಿಕೆ ತನ್ನಿ" ಅಂತ ಮೀನು ಮಾರುವವರು ರೇಗಿಸುತ್ತಾರೆ. ಅವರು ರೇಗಿಸಿದಾಗ ನನಗೆ ಹಿತವಾಗುತ್ತದೆ. ಉಳಿದವರು ನನ್ನ ಎದುರು ಪಿಸುಮಾತಿನಲ್ಲಿ ಮಾತಾಡುತ್ತಾರೆ, ಕಿವಿಗೂ ಲಕ್ವ ಹೊಡೆದಿದೆಯೋ ಅನ್ನುವ ಹಾಗೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ನಿಲ್ಲಬಲ್ಲೆ, ಆದರೆ ಎಡಗೈಯಲ್ಲಿ ಕೋಲು ಬೇಕು. ಕೋಲು ಬಿಟ್ಟರೆ ಬೀಳುತ್ತೇನೆ. ಹಾಗಾಗಿ ನಿಂತಾಗ ನನಗೆ ಒಂದು ಕೈಯೂ ಇಲ್ಲ. ಕೂತರೆ ಒಂದು ಕೈ ಇದೆ. ಬಲಗಣ್ಣಿನ ರೆಪ್ಪೆ ಜೋಲುತ್ತದೆ, ಎಡಗಣ್ಣು ಚೆನ್ನಾಗಿದೆ. ಕರೆಂಟು ಬಂದರೆ ಬಂತು, ಇಲ್ಲವಾದರೆ ಮೂರು ದಿನ ಇಲ್ಲ. ಚಾರ್ಜು ಮಾಡುವುದನ್ನು ನಂಬಿ ನಾನು ಯಾರಿಗೂ ಮಾತು ಕೊಡಲಾರೆ. ಫೋಟೋ ಗೋಡೆಗೆ ಹಾಕುವಷ್ಟು ಅಗಲ ಸಾಕು, ರಸ್ತೆ ಬದಿಯ ಹಲಗೆಯಷ್ಟು ಬೇಡ.

ನೀನು ಕೇಳದ ಒಂದು ವಿಷಯವೂ ಇದೆ. ಸಂಘದವರು ಅಂದು ತಲೆಯಿಂದ ಕಾಲಿನವರೆಗೆ ಬಿಳಿ ಉಡುತ್ತಾರೆ. ಮುಖಗಳು ನಮ್ಮ ಕಪ್ಪು ಮುಖಗಳು. ಆ ಬಿಳಿಯ ನಡುವೆ ಒಬ್ಬೊಬ್ಬರೂ ಅವರವರ ಹಾಗೇ ಕಾಣಬೇಕು. ಅದು ಆಗದ ಕ್ಯಾಮೆರಾ ನನಗೆ ಬೇಡ, ಬಂಗಾರದ್ದಾದರೂ ಸರಿಯೇ.

ನಾಚಿಕೆ ಬಿಟ್ಟು ಬರೆದಿದ್ದೇನೆ. ನೀನು ಕೇಳಿದ ರೀತಿ ಸರಿಯಿತ್ತು. ಇಷ್ಟು ತಿಂಗಳಲ್ಲಿ ಎಲ್ಲರೂ ನನ್ನಿಂದ ಏನು ಆಗುವುದಿಲ್ಲ ಅಂತ ಕೇಳಿದರು. ಏನು ಆಗುತ್ತದೆ ಅಂತ ಕೇಳಿದವನು ನೀನೇ ಮೊದಲು. ಅದಕ್ಕೆ ಕೃತಜ್ಞತೆ.

ಅರಬಾ


ಟಾಕೊರಾಡಿ
18 ಏಪ್ರಿಲ್ 2011

ಅರಬಾ,

ಈ ಕಾಗದ ತರುವ ಡ್ರೈವರ್ ಕೈಯಲ್ಲಿ ಒಂದು ಪೊಟ್ಟಣ ಇದೆ. ಬಿಸ್ಕತ್ತಿನ ಡಬ್ಬಿ ಅಂತ ಅವನಿಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು.

ಅಂಗಡಿಯ ಕಪಾಟು ಪೂರ್ತಿ ಜಾಲಾಡಿದೆ. ಒಂದು ವಿಷಯ ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ದೊಡ್ಡದಿರಲಿ, ಚಿಕ್ಕದಿರಲಿ, ಒತ್ತುವ ಗುಂಡಿ ಎಲ್ಲದರಲ್ಲೂ ಬಲಗಡೆಯೇ. ಎಡಗೈಯವರು ಫೋಟೋ ತೆಗೆಯುತ್ತಾರೆ ಅನ್ನುವುದು ಆ ಕಾರ್ಖಾನೆಗಳಲ್ಲಿ ಯಾರಿಗೂ ಹೊಳೆದೇ ಇಲ್ಲ. ಮೂಗಿನ ತುದಿಗೆ ಕೋಪ ಬಂತು. ಆ ಕೋಪದಲ್ಲೇ ಒಂದನ್ನು ತಲೆಕೆಳಗು ಮಾಡಿ ಹಿಡಿದೆ, ಗುಂಡಿ ಎಡಗೈ ಹೆಬ್ಬೆರಳಿನ ಅಡಿಗೆ ಬಂದು ಕೂತಿತು.

ಕಳಿಸಿರುವುದು ಜೇಬಿನ ಕ್ಯಾಮೆರಾ. ಹಗುರ. ತಲೆಕೆಳಗಾಗಿ ಹಿಡಿ, ಹೆಬ್ಬೆರಳಿನಿಂದ ಒತ್ತು. ಫೋಟೋ ತಲೆಕೆಳಗಾಗಿ ಬರುತ್ತದೆ, ಅಚ್ಚು ಹಾಕುವವರು ತಿರುಗಿಸಿಕೊಳ್ಳುತ್ತಾರೆ. ಫಿಲ್ಮಿನ ಕಾಲವಲ್ಲ, ನೂರು ಕೆಟ್ಟರೂ ಅಳಿಸಿ ನೂರಾ ಒಂದನೆಯದು ತೆಗೆಯಬಹುದು. ಫ್ಲಾಶ್ ಮಾತ್ರ ಹಾಕಬೇಡ. ಬೆಳಕು ಗದ್ದದ ಕೆಳಗಿನಿಂದ ಬಿದ್ದು ಬದುಕಿದ್ದವರೂ ಶವಪೆಟ್ಟಿಗೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ. ಬಾಡಿಗೆ ವಸೂಲಿಗೆ ಬಂದ ಅಂಗಡಿಯ ಮಾಲೀಕನ ಮೇಲೆ ಪ್ರಯೋಗ ಮಾಡಿ ನೋಡಿದ್ದೇನೆ.

ಇದೇ ಕೊನೆಯ ಆಯ್ಕೆ ಅಲ್ಲ. ಬಳಸಿ ನೋಡು, ಬೈದು ಬರೆ.

ಎಬೊ


ಸಾಲ್ಟ್‌ಪಾಂಡ್
6 ಜೂನ್ 2011

ಎಬೊ,

ಕ್ಯಾಮೆರಾ ವಾಪಸು ಕಳಿಸುತ್ತಿದ್ದೇನೆ. ಅದರ ತಪ್ಪು ಏನೂ ಇಲ್ಲ.

ಅಭ್ಯಾಸ ಚೆನ್ನಾಗಿಯೇ ಆಗಿತ್ತು. ಕೋಳಿಗಳ ಫೋಟೋ ತೆಗೆದೆ, ಮಾನ್ಸಾಳದು ತೆಗೆದೆ. ಅವಳು ತಾನು ಸುಂದರಿ ಅಂತ ನಂಬುವ ಮಟ್ಟಕ್ಕೆ ಬಂದಳು. ಆಮೇಲೆ ನಮ್ಮ ಕುಟುಂಬದಲ್ಲಿ ಮಗುವಿಗೆ ಹೆಸರಿಡುವ ದಿನ ಬಂತು. ನಾನೇ ತೆಗೆಯುತ್ತೇನೆ ಅಂದೆ. ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತೆ. ಎದುರಿಗೆ ಮಗು ಎತ್ತಿಕೊಂಡು ಎಗ್ಯಾ ಆರ್ಕೋರ್ಫುಲ್. ನಮ್ಮ ಮನೆತನದ ಹಿರಿಯರು, ನಿನಗೆ ಗೊತ್ತಿರುವವರೇ.

ಕ್ಯಾಮೆರಾ ಹಿಡಿದ ಎಡಗೈ ಅವರ ಮುಖದ ನೇರಕ್ಕೆ ಹೋಯಿತು. ಅದನ್ನು ಸಹಿಸಿಕೊಂಡರು. ಗದ್ದ ಸ್ವಲ್ಪ ಎತ್ತಿ ಅಂತ ಹೇಳಬೇಕಿತ್ತು. ನನ್ನ ತೊದಲು ಅವರಿಗೆ ತಿಳಿಯಲಿಲ್ಲ, ಮಾನ್ಸಾ ಒಳಗೆ ಸೂಪಿನ ಹತ್ತಿರ ಇದ್ದಳು. ಕ್ಯಾಮೆರಾವನ್ನು ಮಡಿಲಿಗೆ ಹಾಕಿ ಅದೇ ಕೈಯ ಬೆರಳಿನಿಂದ ಸನ್ನೆ ಮಾಡಿದೆ. ಎಡಗೈ ಬೆರಳು, ಹಿರಿಯರ ಮೂಗಿನ ಮುಂದೆ, ಅವರ ಕೈಯಲ್ಲಿ ಎಂಟು ದಿನದ ಮಗು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. "ಅರಬಾ, ನಿನ್ನ ಕಷ್ಟ ನಂಗೆ ಗೊತ್ತು. ಆದ್ರೆ ಕೂಸಿನ ಮುಂದೆ ಎಡಗೈ ಆಡಿಸ್ಬೇಡಮ್ಮ. ಬೇರೆ ಯಾರಿಗಾದ್ರೂ ಕೊಡು, ತೆಗೀತಾರೆ" ಅಂದರು. ಸಮಾಧಾನದಲ್ಲೇ ಹೇಳಿದರು. ಯಾರೋ ಫೋನ್ ಹಿಡಿದು ತೆಗೆದರು. ನಾನು ಒಳಗೆ ಹೋಗಿ ಕೂತೆ.

ತಪ್ಪು ಅವರದಲ್ಲ. ಅವರ ಜಾಗದಲ್ಲಿ ನಾನಿದ್ದರೂ ಮುಖ ತಿರುಗಿಸುತ್ತಿದ್ದೆ. ಹಾಗೇ ಬೆಳೆದವಳು ನಾನೂ. ಆದರೆ ಎಡಗೈ ಬಿಟ್ಟರೆ ನನ್ನ ಹತ್ತಿರ ಬೇರೆ ಕೈ ಇಲ್ಲ. ನಾನಾ ಗ್ಯಾನ್ವಾಗೆ ಹೇಳಿ ಕಳಿಸುತ್ತೇನೆ, ಬೇರೆಯವರನ್ನು ನೋಡಿಕೊಳ್ಳಲಿ.

ನೀನು ಪಟ್ಟ ಶ್ರಮಕ್ಕೆ ದೇವರು ಒಳ್ಳೆಯದು ಮಾಡಲಿ.

ಅರಬಾ


ಟಾಕೊರಾಡಿ
15 ಜೂನ್ 2011

ಅರಬಾ,

ನಾನಾ ಗ್ಯಾನ್ವಾಗೆ ಇನ್ನೂ ಹೇಳಿಲ್ಲ ತಾನೆ? ಹೇಳಬೇಡ. ಸ್ವಲ್ಪ ಸಮಯ ಕೊಡು.

ಎಬೊ


ಟಾಕೊರಾಡಿ
20 ಜುಲೈ 2011

ಅರಬಾ,

ನಿನ್ನಿಂದ ಉತ್ತರವಿಲ್ಲ. ಡ್ರೈವರನ್ನು ಕೇಳಿದೆ. "ಜಗಲಿ ಮೇಲೆ ಕೂತಿರ್ತಾರೆ, ಕೈ ಎತ್ತಿದ್ರೆ ತಲೆ ಆಡಿಸ್ತಾರೆ, ಅಷ್ಟೇ" ಅಂದ. ಬದುಕಿದ್ದೀಯ ಅಂತ ಆಯಿತು. ಹಾಗಿದ್ದರೆ ಓದು.

ನಾನು ಮಾಡಿದ ತಪ್ಪು ಏನು ಗೊತ್ತೇ? ನಿನಗೆ ಕ್ಯಾಮೆರಾ ಆರಿಸುವಾಗ ನನ್ನ ಎರಡು ಕೈಯಿಂದ ಆರಿಸಿದೆ. ತಲೆಕೆಳಗು ಹಿಡಿದು ನೋಡಿದೆ ಅಂದೆನಲ್ಲ, ಆಗ ಬಲಗೈ ನನಗೆ ತಿಳಿಯದ ಹಾಗೆ ಕೆಳಗಿನಿಂದ ಆಸರೆ ಕೊಡುತ್ತಿತ್ತು. ನಿನ್ನ ಕಾಗದ ಬಂದ ಮರುದಿನ ಪಕ್ಕದಂಗಡಿಯವಳ ಕೈಲಿ ನನ್ನ ಬಲಗೈಯನ್ನು ಪಂಚೆಯ ತುಂಡಿನಿಂದ ಎದೆಗೆ ಕಟ್ಟಿಸಿಕೊಂಡೆ. ಬೆಳಗ್ಗೆ ಕಟ್ಟಿಸಿಕೊಂಡರೆ ಅಂಗಡಿ ಮುಚ್ಚುವವರೆಗೆ ಬಿಚ್ಚುವುದಿಲ್ಲ. ಜನ ಏನೇನು ಅಂದರು ಬರೆಯಲಾ? ಆಸ್ತಿಗೋಸ್ಕರ ಸೋದರಳಿಯ ಶಾಪ ಹಾಕಿಸಿದ ಅಂತ ಒಬ್ಬರು. ಯಾವಳೋ ಹೆಂಗಸಿನ ಗಂಡ ಕಚ್ಚಿದ ಅಂತ ಇನ್ನೊಬ್ಬರು. ಈ ವಯಸ್ಸಿನಲ್ಲಿ ಅಂಥ ಹೆಸರು ಬಂದದ್ದಕ್ಕೆ ನನಗೆ ಒಳಗೊಳಗೆ ಖುಷಿಯೇ ಆಯಿತು.

ಚಿಲ್ಲರೆಯನ್ನು ಎಡಗೈಯಲ್ಲಿ ಕೊಡಬೇಕಾಗಿ ಬಂತು. ಪ್ರತಿ ಸಲ ಕ್ಷಮೆ ಕೇಳಿದೆ. ಮಧ್ಯಾಹ್ನದ ಹೊತ್ತಿಗೆ ಕ್ಷಮೆ ಕೇಳಿ ಕೇಳಿ ನಾಲಿಗೆ ಒಣಗಿತು. ಒಬ್ಬ ಮುದುಕ ತೆಗೆದುಕೊಳ್ಳದೆ ಕೌಂಟರ್ ಮೇಲಿಡು ಅಂದ. ಆಗ ನೀನು ಬರೆದದ್ದು ನನಗೆ ಅರ್ಥವಾಯಿತು, ಅರಬಾ. ಅದಕ್ಕೆ ಮೊದಲು ಓದಿದ್ದೆ, ಅಷ್ಟೇ.

ಈಗ ಕೇಳು. ಹೊಸ ಪೊಟ್ಟಣ ಬರುತ್ತಿದೆ. ಇದು ನಡುಗಾತ್ರದ್ದು. ಇದಕ್ಕೊಂದು ಮುಕ್ಕಾಲಿ ಕೊಟ್ಟಿದ್ದೇನೆ, ಭಾರ ಅದೇ ಹೊರುತ್ತದೆ. ಹಿಂದಿನ ಪರದೆ ಕಿಟಕಿ ಬಾಗಿಲಿನ ಹಾಗೆ ಹೊರಕ್ಕೆ ತೆರೆದು ಮೇಲಕ್ಕೆ ಬಾಗುತ್ತದೆ. ನೀನು ತಗ್ಗಾದ ಸ್ಟೂಲಿನಲ್ಲಿ ಕೂತು ತಲೆ ಬಗ್ಗಿಸಿ ನೋಡಿದರೆ ಸಾಕು. ಕಣ್ಣು ಮುಚ್ಚಬೇಕಿಲ್ಲ, ಮುಖಕ್ಕೆ ಹಿಡಿಯಬೇಕಿಲ್ಲ. ಚಾರ್ಜು ಬೇಡ. ಟಾರ್ಚಿಗೆ ಹಾಕುವ ಪೆನ್ಸಿಲ್ ಸೆಲ್ ಹಾಕಿದರೆ ಓಡುತ್ತದೆ, ನಿಮ್ಮ ಬೀದಿಯ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ ಅದರ ಜೊತೆಗಿರುವ ತಂತಿ. ಒಂದು ತುದಿ ಕ್ಯಾಮೆರಾದ ಪಕ್ಕೆಗೆ, ಇನ್ನೊಂದು ತುದಿಯಲ್ಲಿ ಗುಂಡಿ. ಅದನ್ನು ನಿನ್ನ ಬಲ ಅಂಗೈಯಲ್ಲಿ ಇಟ್ಟುಕೋ. ಎಡಗೈ ಅದರ ಮೇಲೆ ಮುಚ್ಚು. ಎರಡೂ ಕೈ ಮಡಿಲಲ್ಲಿ, ಚರ್ಚಿನಲ್ಲಿ ಪ್ರಾರ್ಥನೆಗೆ ಕೂತವಳ ಹಾಗೆ. ಒತ್ತಿದ್ದು ಯಾವ ಕೈ ಅಂತ ದೇವರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಸನ್ನೆ ಮಾಡಬೇಡ. ಮಾನ್ಸಾ ಇದ್ದಾಳಲ್ಲ, ಗುನುಗು, ಅವಳು ಕೂಗಲಿ.

ಕ್ಯಾಮೆರಾ ಹಳೆಯದು, ಒಂದು ಮೂಲೆ ತರಚಿದೆ. ಅಂಗಡಿಗೆ ಬರುವವರು ಇದನ್ನು ತಿರುಗಿಯೂ ನೋಡುವುದಿಲ್ಲ. ಎಷ್ಟೋ ದಿನದಿಂದ ಧೂಳು ತಿನ್ನುತ್ತಿತ್ತು. ನಿನಗೆ ಬೇಕಾದದ್ದೆಲ್ಲ ಇದರಲ್ಲಿದೆ, ಬೇಡದ್ದು ಏನೂ ಇಲ್ಲ. ಬಿಳಿ ಬಟ್ಟೆ ಕಂಡರೆ ಇದು ಬೆಳಕು ಜಾಸ್ತಿ ಅಂದುಕೊಂಡು ಮುಖ ಕಪ್ಪಾಗಿಸುತ್ತದೆ. ಅದಕ್ಕೆ ಕೂಡಿಸು-ಕಳೆ ಗುರುತಿನ ಒಂದು ಗುಂಡಿ ಇದೆ. ಕೂಡಿಸು ಕಡೆಗೆ ಎಷ್ಟು ಹೋಗಬೇಕು ಅಂತ ನಿನಗೆ ನಾನು ಹೇಳಬೇಕಿಲ್ಲ. ಆ ವಿಷಯದಲ್ಲಿ ನಿನ್ನ ಕಣ್ಣು ನನ್ನದಕ್ಕಿಂತ ಯಾವಾಗಲೂ ಚೆನ್ನಾಗಿತ್ತು.

ಹೊರಗೆ ಒಂದು ಲಾರಿ ಹಾರನ್ ಹೊಡೆಯುತ್ತಿದೆ. ಮುಗಿಸುತ್ತೇನೆ.

ಎಬೊ


ಸಾಲ್ಟ್‌ಪಾಂಡ್
4 ಸೆಪ್ಟೆಂಬರ್ 2011

ಎಬೊ,

ಪೊಟ್ಟಣ ಒಂದು ಸಂಜೆ ಬಂತು. ಉಪಕಾರ ಪಡೆದವರು ಮರುದಿನ ಬೆಳಗ್ಗೆ, ಬಾಯಿಗೆ ಏನೂ ಹಾಕುವ ಮೊದಲೇ, ಜೊತೆಗೆ ಒಬ್ಬ ಸಾಕ್ಷಿಯನ್ನು ಕರೆದುಕೊಂಡು ಕೊಟ್ಟವರ ಮನೆ ಬಾಗಿಲಿಗೆ ಹೋಗಬೇಕು. ಟಾಕೊರಾಡಿಗೆ ನಾನು ಹೇಗೆ ಬರಲಿ? ಮಾನ್ಸಾಳನ್ನು ಎಬ್ಬಿಸಿ ಜಗಲಿಯ ಮೇಲೆ ಕೂರಿಸಿಕೊಂಡೆ. ಪಡುವಣಕ್ಕೆ ಮುಖ ಮಾಡಿ ನನ್ನ ತೊದಲು ನಾಲಿಗೆಯಲ್ಲೇ ನಿನ್ನ ಹೆಸರು ಹಿಡಿದು ಕೃತಜ್ಞತೆ ಹೇಳಿದೆ. ಅವಳು ಗಟ್ಟಿಯಾಗಿ ಮತ್ತೆ ಒಪ್ಪಿಸಿದಳು. ಎದುರು ಮನೆಯ ನಾಯಿ ಬೊಗಳಿತು. ಅದನ್ನು ನಿನ್ನ ಕಡೆಯ ಉತ್ತರ ಅಂತ ಮಾನ್ಸಾ ತೀರ್ಮಾನಿಸಿದಳು.

ಕೈ ಕಟ್ಟಿಸಿಕೊಂಡ ಸುದ್ದಿ ಓದಿ ನಾನು ನಗಲಿಲ್ಲ. ಮಾನ್ಸಾ ನಕ್ಕಳು. ನಾನು ಕಾಗದ ಮಡಚಿ ದಿಂಬಿನ ಕೆಳಗಿಟ್ಟೆ. ನನಗಾಗಿ ಹಾಗೆ ಮಾಡಿದವರು ಇನ್ನೊಬ್ಬರಿಲ್ಲ.

ಮೂರು ತಿಂಗಳು ನಾನು ಉತ್ತರ ಬರೆಯದ ಕಾರಣ ಕೇಳಬೇಡ. ನಾನಾ ಗ್ಯಾನ್ವಾಗೆ ಹೇಳಿ ಕಳಿಸಲಿಲ್ಲ ಅನ್ನುವುದಷ್ಟೇ ತಿಳಿದಿರಲಿ.

ಕ್ಯಾಮೆರಾ ನನ್ನ ಅಳತೆಗೆ ಹೊಲಿದ ಹಾಗಿದೆ. ಕೂಡಿಸು ಗುಂಡಿ ಹಿಂಭಾಗದಲ್ಲಿ ಎಡಕ್ಕೇ ಇದೆ, ಅದನ್ನೂ ನೋಡಿಯೇ ಆರಿಸಿದ್ದೀಯ. ಬರೆಯಲಿಲ್ಲ ನೀನು. ಮಾನ್ಸಾಗೆ ಬಿಳಿ ಬಟ್ಟೆ ಉಡಿಸಿ ಬೇವಿನ ಮರದ ಮುಂದೆ ನಿಲ್ಲಿಸಿ ದಿನವಿಡೀ ತೆಗೆದೆ. ಮೊದಲು ಮುಖ ಇದ್ದಿಲಾಯಿತು. ಕೂಡಿಸಿದೆ. ಇನ್ನೂ ಕೂಡಿಸಿದೆ. ಬಟ್ಟೆಯ ಕಸೂತಿ ಮಸುಕಾಯಿತು, ಆದರೆ ಅವಳ ಕೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು ಕಂಡಿತು. ಅಲ್ಲಿಗೆ ನಿಲ್ಲಿಸಿದೆ.

"ಅಕ್ಕಾ, ಇನ್ನು ಸಾಕು ಮಾಡು, ಬಿಸಿಲಿಗೆ ಮೀನಿನ ಹಾಗೆ ಒಣಗ್ತಿದೀನಿ" ಅಂದಳು. ಲಕ್ವ ಹೊಡೆದ ಮೇಲೆ ನನ್ನನ್ನು ಯಾರೂ ಸಾಕು ಮಾಡು ಅಂದಿರಲಿಲ್ಲ.

ಅರಬಾ


ಟಾಕೊರಾಡಿ
2 ನವೆಂಬರ್ 2011

ಅರಬಾ,

ಎರಡೇ ಮಾತು. ಹೊಸ ಸೆಲ್ ಹಾಕಿಕೊಂಡು ಹೋಗು, ಇನ್ನೊಂದು ಜೊತೆ ಮಾನ್ಸಾಳ ಸೆರಗಿನಲ್ಲಿ ಕಟ್ಟಿರಲಿ. ತಂತಿ ಸರಿಯಾಗಿ ಕೂತಿದೆಯೇ ಅಂತ ಎರಡು ಸಲ ನೋಡು.

ಆ ಭಾನುವಾರ ನಾನು ಅಂಗಡಿ ತೆರೆಯುವುದಿಲ್ಲ. ತೆರೆದರೂ ಯಾರಿಗೂ ಸರಿಯಾಗಿ ಚಿಲ್ಲರೆ ಕೊಡಲಾರೆ.

ಎಬೊ


ಸಾಲ್ಟ್‌ಪಾಂಡ್
12 ಡಿಸೆಂಬರ್ 2011

ಎಬೊ,

ಫೋಟೋ ಇದರ ಜೊತೆಗಿದೆ. ಮೊದಲು ಕಾಗದ ಓದು, ಆಮೇಲೆ ನೋಡು. ನೀನು ಕೇಳುವವನಲ್ಲ, ಆದರೂ ಹೇಳಿದೆ.

ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಚರ್ಚಿನ ಹಿಂದಿನ ದಿಬ್ಬದ ಮೇಲೆ ಸಾಲಾಗಿ ನಿಂತರು. ವಯಸ್ಸಾದವರು ಮುಂದೆ ಬೆಂಚಿನ ಮೇಲೆ, ನಡುವೆ ನಾನಾ ಗ್ಯಾನ್ವಾ. ನಾನು ಸ್ಟೂಲಿನಲ್ಲಿ, ಮುಕ್ಕಾಲಿಯ ಹಿಂದೆ, ಎರಡೂ ಕೈ ಮಡಿಲಲ್ಲಿ. ಎಗ್ಯಾ ಆರ್ಕೋರ್ಫುಲ್ ಒಂದು ಪಕ್ಕದಲ್ಲಿ ಕೋಲೂರಿ ನಿಂತಿದ್ದರು. ಅವರ ಹೆಂಡತಿಯೂ ಸಾಲಿನಲ್ಲಿದ್ದರು. ನಾನು ಗುನುಗಿದೆ, ಮಾನ್ಸಾ ಕೂಗಿದಳು. "ಹಿಂದಿನ ಸಾಲು ಇನ್ನೂ ಒತ್ತಿ ನಿಲ್ರಮ್ಮ. ಎಫುವಾ, ಹೊಟ್ಟೆ ಒಳಗೆಳ್ಕೋ. ಇಷ್ಟೇನಾ ಎಳೆಯೋಕಾಗೋದು? ಆಗ್ಲಿ ಬಿಡು." ಎಲ್ಲರೂ ನಕ್ಕರು, ಒತ್ತಿದೆ. ಒಂದಾದ ಮೇಲೊಂದು ತೆಗೆದೆ. ಯಾರಿಗೂ ಯಾವ ಕೈಯೂ ಕಾಣಲಿಲ್ಲ. ನೀನು ಹೇಳಿದ ಹಾಗೇ ನಡೆಯಿತು.

ಕೊನೆಯದು ಕರವಸ್ತ್ರ ಬೀಸುವ ಫೋಟೋ. ಅದು ಪ್ರತಿ ವರ್ಷ ಇರುವುದೇ, ನೀನೂ ನೋಡಿದ್ದೀಯ. ಎಲ್ಲರೂ ಬಿಳಿ ಕರವಸ್ತ್ರ ಹಿಡಿದು ಕಾಯುತ್ತಿದ್ದರು. ಅಷ್ಟರಲ್ಲಿ ಚರ್ಚಿನ ಬ್ಯಾಂಡಿನವರು ಶುರು ಮಾಡಿದರು. ಮಾನ್ಸಾಳ ಗಂಟಲು ಕೇಳಿಸದಾಯಿತು. ಯಾವಾಗ ಬೀಸಬೇಕು ಅಂತ ಯಾರಿಗೂ ಗೊತ್ತಿಲ್ಲ, ಒಬ್ಬರು ಎತ್ತಿದರೆ ಇನ್ನೊಬ್ಬರು ಇಳಿಸುತ್ತಿದ್ದರು. ಆ ಹೊತ್ತಿಗೆ ಮೋಡ ಸರಿದು ಬೆಳಕು ಸೀದಾ ಅವರ ಮುಖದ ಮೇಲೆ ಬಿತ್ತು. ಎಬೊ, ಅಂಥ ಬೆಳಕು ನಿಲ್ಲುವುದಿಲ್ಲ ಅಂತ ನಿನಗೆ ಗೊತ್ತು. ನಾನು ನನ್ನನ್ನೇ ಮರೆತೆ. ಮೂವತ್ತು ವರ್ಷ ಬಲಗೈ ಎತ್ತಿ ಬೀಸುತ್ತಿದ್ದೆನಲ್ಲ, ಈಗ ಬೀಸಿ ಅಂತ. ಹಾಗೇ ಕೈ ಎತ್ತಿ ಬೀಸಿದೆ. ಎತ್ತಿದ್ದು ಎಡಗೈ.

ಅಷ್ಟು ಹಿರಿಯ ಹೆಂಗಸರು, ಹಬ್ಬದ ದಿನ, ದೇವರ ಮನೆಯ ಅಂಗಳದಲ್ಲಿ. ಅವರ ಎದುರು ನನ್ನ ಎಡಗೈ ತಲೆಯ ಮೇಲಿತ್ತು. ನಗುತ್ತಿದ್ದ ಮುಖಗಳೆಲ್ಲ ಬಿಗಿದುಕೊಂಡವು. ಆರ್ಕೋರ್ಫುಲ್ ಗಂಟಲು ಸರಿಮಾಡಿಕೊಂಡದ್ದು ಬ್ಯಾಂಡಿನ ಸದ್ದಿನಲ್ಲೂ ನನಗೆ ಕೇಳಿಸಿತು. ಕೈ ಇಳಿಸಿದೆ. ಮುಗಿಯಿತು, ಇನ್ನು ಬೀಗದ ಕೈ ತಮ್ಮಂದಿರಿಗೆ ಅಂತ ಅಂದುಕೊಂಡೆ. ಕಣ್ಣು ತುಂಬಿ ಪರದೆ ಕಾಣಲಿಲ್ಲ.

ಆಗ ನಾನಾ ಗ್ಯಾನ್ವಾ ಬೆಂಚಿನಿಂದ ಎದ್ದರು. ಬಲಗೈಯಲ್ಲಿದ್ದ ಕರವಸ್ತ್ರವನ್ನು ಎಡಗೈಗೆ ತೆಗೆದುಕೊಂಡರು. ಕೈ ತಲೆಯ ಮೇಲೆತ್ತಿ ನನ್ನ ಕಡೆ ನೋಡಿ ಬೀಸಿದರು.

"ಅರಬಾ, ಹೀಗೆ ತಾನೆ?"

ಪಕ್ಕದವರು ಅವರ ಮುಖ ನೋಡಿದರು. ತಾವೂ ಕರವಸ್ತ್ರದ ಕೈ ಬದಲಿಸಿದರು. ಆಮೇಲೆ ಅವರ ಪಕ್ಕದವರು. ಹಿಂದಿನ ಸಾಲಿಗೆ ಏನಾಗುತ್ತಿದೆ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ತಿಳಿದ ಮೇಲೆ ಅವರೂ ಬದಲಿಸಿದರು. ದಿಬ್ಬದ ತುಂಬ ಎಡಗೈಗಳು, ಬಿಳಿ ಕರವಸ್ತ್ರಗಳು. ಅಭ್ಯಾಸವಿಲ್ಲದೆ ಅಡ್ಡಾದಿಡ್ಡಿ ಬೀಸುತ್ತಿದ್ದರು, ಎಫುವಾ ಪಕ್ಕದವಳ ಮೂಗಿಗೇ ಹೊಡೆದಳು. ನಗು ಮತ್ತೆ ಬಂತು. ಒತ್ತಿದೆ, ಮತ್ತೆ ಮತ್ತೆ ಒತ್ತಿದೆ.

ಅಚ್ಚು ಹಾಕಿಸಲು ಕೇಪ್ ಕೋಸ್ಟಿಗೆ ಕಳಿಸಿದೆ. ಪ್ರತಿಗಳು ಬಂದವು, ತೆರೆದು ನೋಡದೆ ಭಾನುವಾರ ಹಂಚಿಸಿದೆ. ನಾನಾ ಗ್ಯಾನ್ವಾ ಕನ್ನಡಕ ಹಾಕಿ ನೋಡಿ, "ಇದು ನಾವಲ್ಲ" ಅಂತ ವಾಪಸು ಕೊಟ್ಟರು. ನೋಡಿದರೆ ಎಲ್ಲರ ಕರವಸ್ತ್ರವೂ ಬಲಗೈಯಲ್ಲಿ. ಎಲ್ಲರೂ ತಮ್ಮ ತಮ್ಮ ಪ್ರತಿ ವಾಪಸು ಮಾಡಿದರು. ಮಾನ್ಸಾ ಅವನ್ನು ಹೊತ್ತುಕೊಂಡು ಲ್ಯಾಬಿಗೆ ಹೋದಳು. ಅಲ್ಲಿದ್ದ ಹುಡುಗಿ ಕಂಗಾಲಾದಳಂತೆ. "ಆಂಟಿ, ಇಷ್ಟು ಜನ ಅಜ್ಜಿಯರು ಒಟ್ಟಿಗೆ ಎಡಗೈ ಬೀಸ್ತಾರಾ? ಫೋಟೋನೇ ಎಡಬಲ ಅದಲುಬದಲಾಗಿದೆ ಅನ್ಕೊಂಡು ತಿರುಗಿಸಿ ಸರಿಮಾಡ್ದೆ. ನಿಮಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು." ಪಾಪ, ಅವಳನ್ನು ಬೈಯಲು ಮಾನ್ಸಾಗೂ ಮನಸ್ಸಾಗಲಿಲ್ಲ. ಎಲ್ಲವನ್ನೂ ಮತ್ತೆ ಹಾಕಿಕೊಟ್ಟಳು.

ಸ್ಟುಡಿಯೋ ತೆರೆದಿದೆ, ಎಬೊ. ಬಾಗಿಲಲ್ಲಿ ಜನ ಇದ್ದಾರೆ. ನಿನಗೆ ಏನು ಹೇಳಲಿ? ಅಂಗಡಿಯಲ್ಲಿರುವ ಅತಿ ದೊಡ್ಡ ಕ್ಯಾಮೆರಾವನ್ನು ನೀನು ನನಗೆ ಮಾರಿಬಿಡಬಹುದಿತ್ತು, ನಾನು ಕೊಳ್ಳುತ್ತಿದ್ದೆ. ನೀನು ನನ್ನನ್ನು ಕೇಳಿದೆ, ಕೇಳಿದ್ದು ಸಾಲದು ಅಂತ ಕೈ ಕಟ್ಟಿಸಿಕೊಂಡೆ. ಈಸ್ಟರ್ ಹೊತ್ತಿಗೆ ಕಾಲು ಇನ್ನಷ್ಟು ಗಟ್ಟಿಯಾಗುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ಆಗ ನಾನೇ ಬರುತ್ತೇನೆ, ಬೆಳಗ್ಗೆ ಬೇಗ, ಸಾಕ್ಷಿಯ ಜೊತೆ. ಅವತ್ತು ಬಾಗಿಲು ತೆಗೆದಿರು.

ಇನ್ನು ನಿನ್ನೆಯದು ಹೇಳಿ ಮುಗಿಸುತ್ತೇನೆ. ಹೊಸ ಪ್ರತಿಗಳನ್ನು ಈ ಸಲ ನಾನೇ ಚರ್ಚಿನ ಬಾಗಿಲಲ್ಲಿ ಕೂತು ಹಂಚಿದೆ. ಫೋಟೋವನ್ನು ಬಲಗೈಯಲ್ಲಿ ಸಿಕ್ಕಿಸಿ, ಆ ಕೈಯನ್ನು ಎಡಗೈಯಿಂದ ಕೆಳಗಿನಿಂದ ಎತ್ತಿ ನಾನಾ ಗ್ಯಾನ್ವಾಗೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ನಾನು ಎಡಗೈಲಿ ಬೀಸಿದ್ದು, ಅರಬಾ. ಎಡಗೈಲೇ ಕೊಡು."

ಕೊಟ್ಟೆ. ಎಡಗೈ ಚಾಚಿ ತೆಗೆದುಕೊಂಡರು. ನಾನು ಕ್ಷಮೆ ಕೇಳಲಿಲ್ಲ, ಅವರೂ ಕೇಳಲಿಲ್ಲ. ಅವರ ಹಿಂದಿದ್ದವರೆಲ್ಲ ಹಾಗೇ ತೆಗೆದುಕೊಂಡು ಹೋದರು. ಸಾಲಿನ ಕೊನೆಯಲ್ಲಿ ಎಗ್ಯಾ ಆರ್ಕೋರ್ಫುಲ್ ನಿಂತಿದ್ದರು, ಹೆಂಡತಿಗೆ ಮಂಡಿನೋವು, ಅವರ ಪ್ರತಿ ಒಯ್ಯಲು ಬಂದಿದ್ದರು. ನಾನು ಎಡಗೈಯಲ್ಲಿ ಚಾಚಿದೆ. ಅವರು ಒಂದು ಗಳಿಗೆ ನನ್ನ ಕೈ ನೋಡಿದರು, ತಮ್ಮ ಬಲಗೈ ನೋಡಿಕೊಂಡರು, ಎಡಗೈ ನೋಡಿಕೊಂಡರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿದರು.

ಅರಬಾ